ಗೇರ್ ಇಲ್ಲದ ಸೈಕಲ್‌ನಲ್ಲಿ ವರ್ಷಕ್ಕೆ 1,20,805 ಕಿ.ಮೀ.: ಆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಕಪ್ಪು ಬಿಳುಪು ಫೋಟೊ, ಬಗ್ಗಿದ ಹ್ಯಾಂಡಲ್ ಹಿಡಿದು ಕೂತ ಒಬ್ಬ ಇಂಗ್ಲಿಷ್ ಯುವಕ. ಕೆಳಗೆ ಹೀಗೆ ಬರೆದಿತ್ತು: ಈತ ಟಾಮಿ ಗಾಡ್ವಿನ್. ಶುದ್ಧ ಸಸ್ಯಾಹಾರಿ. 1939ರಲ್ಲಿ ಗೇರ್ ಇಲ್ಲದ ಕಬ್ಬಿಣದ ಸೈಕಲ್‌ನಲ್ಲಿ ದಿನಕ್ಕೆ 300 ಕಿ.ಮೀ.ಗೂ ಹೆಚ್ಚು ದೂರ, ವರ್ಷವಿಡೀ ಓಡಿಸಿದ. ಇಂದಿನ ಹುಡುಗರಿಗೆ ಲಕ್ಷ ರೂಪಾಯಿಯ ಗೇರ್ ಸೈಕಲ್ ಬೇಕು, ಆದರೂ ಮಂಡಿನೋವು. ಗೇರ್ ಬಂತು, ಕಾಲಿನ ಬಲ ಹೋಯ್ತು. ಹತ್ತು ಜನರಿಗೆ ಕಳಿಸಿ.

ಓದಿದವರೆಲ್ಲ ಹೆಬ್ಬೆಟ್ಟು ಒತ್ತಿ ಸುಮ್ಮನಾದರು. ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪ ಮಾತ್ರ ಸುಮ್ಮನಾಗಲಿಲ್ಲ. ಅವರಿಗೆ 61 ವರ್ಷ. ಹಿತ್ತಲ ಕೋಣೆಯಲ್ಲಿದ್ದ ತಾತನ ರ‍್ಯಾಲಿ ಸೈಕಲ್ಲನ್ನು ಈಚೆಗೆ ಎಳೆದು, ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಟ್ಟು, ಒಂದು ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಕಡೆ ಹೊರಟರು. "ನಮ್ಮಪ್ಪ ಇದೇ ಸೈಕಲ್ಲಲ್ಲಿ ಊಟಿಗೆ ಹೋಗಿ ಬಂದೋರು ಕಣಪ್ಪ, ಆಗ ಯಾವ ಗೇರಿತ್ತು?" ಅಂತ ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದರು. ಮಧ್ಯಾಹ್ನ ಚಿಕ್ಕಮ್ಮ ಫೋನ್ ಮಾಡಿದರು. ಅರ್ಧ ಬೆಟ್ಟಕ್ಕೇ ಬಲಗಾಲಿನ ಮಂಡಿ ಹಿಡಿದುಕೊಂಡಿತ್ತಂತೆ. ಇಳಿದು ಬರುವಾಗ ಬ್ರೇಕ್ ಹಿಡಿಯದೆ ರಸ್ತೆ ಪಕ್ಕದ ಪೊದೆಗೆ ನುಗ್ಗಿಸಿ ನಿಲ್ಲಿಸಿದ್ದರಂತೆ. ಪುಣ್ಯಕ್ಕೆ ತರಚು ಗಾಯ ಅಷ್ಟೇ.

ಹಾಗಾಗಿ ಈ ಫಾರ್ವರ್ಡನ್ನು ಒಂದೊಂದೇ ಸಾಲು ಹಿಡಿದು ನೋಡೋಣ. ಇದು ಪೂರ್ತಿ ಸುಳ್ಳಲ್ಲ, ಮೋಸ ಇರುವುದೂ ಅಲ್ಲೇ.

ಟಾಮಿ ಗಾಡ್ವಿನ್ ಯಾರು?

ಟಾಮಿ ಗಾಡ್ವಿನ್ ನಿಜವಾದ ವ್ಯಕ್ತಿ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಕಡೆಯವನು, 1912ರಲ್ಲಿ ಹುಟ್ಟಿದವನು. ಸಸ್ಯಾಹಾರಿ ಅನ್ನುವುದೂ ನಿಜ. 1939ರ ಜನವರಿ 1ರಂದು ಹೊರಟು ಆ ವರ್ಷದ ಕೊನೆಗೆ 75,065 ಮೈಲಿ ಮುಟ್ಟಿದ. ಕಿಲೋಮೀಟರ್ ಲೆಕ್ಕದಲ್ಲಿ 1,20,805. ದಿನಕ್ಕೆ ಭಾಗಿಸಿದರೆ 331 ಕಿ.ಮೀ. ನಮ್ಮ ಊರ ಲೆಕ್ಕದಲ್ಲಿ ಹೇಳುವುದಾದರೆ, ಮೈಸೂರಿನಿಂದ ಬೆಂಗಳೂರಿಗೆ ಸೈಕಲ್‌ನಲ್ಲಿ ಹೋಗಿ, ಅದೇ ದಿನ ವಾಪಸ್ ಬಂದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಇನ್ನೊಂದು ಸಲ ಹೋಗಿ ಬರಬೇಕು. ಹೀಗೆ 365 ದಿನ. ಮಧ್ಯೆ ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಬ್ರಿಟನ್ನಿನ ರಸ್ತೆಗಳಲ್ಲಿ ದೀಪ ಆರಿಸಿಬಿಟ್ಟರು, ಸೈಕಲ್ ಲೈಟಿಗೂ ಮರೆ ಕಟ್ಟಬೇಕಾಯಿತು. ಅವನು ಆ ಕತ್ತಲಲ್ಲೂ ಓಡಿಸಿದ. ವರ್ಷ ಮುಗಿದ ಮೇಲೂ ನಿಲ್ಲಿಸದೆ 1940ರ ಮೇ ತಿಂಗಳಿಗೆ 1 ಲಕ್ಷ ಮೈಲಿ ದಾಟಿಸಿದ. ಅದಕ್ಕೆ ಹಿಡಿದದ್ದು 500 ದಿನ.

ಇದನ್ನು ನಂಬಬಹುದೇ? ನಂಬಬಹುದು, ಯಾಕೆಂದರೆ ಆ ಕಾಲದಲ್ಲೂ ಇದಕ್ಕೆ ಲೆಕ್ಕ ಇಡುವವರಿದ್ದರು. ದಿನವೂ ದೂರವನ್ನು ಚೀಟಿಯಲ್ಲಿ ಬರೆದು, ದಾರಿಯಲ್ಲಿ ಸಿಕ್ಕವರಿಂದ ಸಾಕ್ಷಿ ಸಹಿ ಹಾಕಿಸಿ, 'ಸೈಕ್ಲಿಂಗ್' ಎಂಬ ಪತ್ರಿಕೆಗೆ ಕಳಿಸಬೇಕಿತ್ತು. ವರ್ಷದ ದಾಖಲೆಯ ಮೇಲುಸ್ತುವಾರಿ ಆ ಪತ್ರಿಕೆಯದ್ದು. ಯಾರೋ ಹೇಳಿದ್ದನ್ನು ಯಾರೋ ಬರೆದುಕೊಂಡದ್ದಲ್ಲ.

ಇನ್ನು ಸುಳ್ಳಿನ ಭಾಗ. ನಮ್ಮ ಗುಂಪಿಗೆ ಬಂದ ಫೋಟೊ ಅವನದ್ದಲ್ಲ. ಅದೇ ಹೆಸರಿನ ಇನ್ನೊಬ್ಬ ಬ್ರಿಟಿಷ್ ಸೈಕ್ಲಿಸ್ಟ್ ಇದ್ದ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚಿನ ಪದಕ ಗೆದ್ದವನು, ಟ್ರ್ಯಾಕ್ ಓಟಗಾರ. ಫೋಟೊದಲ್ಲಿದ್ದ ಸೈಕಲ್‌ಗೆ ಬ್ರೇಕೂ ಇಲ್ಲ, ಮಡ್‌ಗಾರ್ಡೂ ಇಲ್ಲ. ಅದು ಟ್ರ್ಯಾಕ್ ಸೈಕಲ್. ಅಂಥದ್ದನ್ನು ಯುದ್ಧಕಾಲದ ಕತ್ತಲೆ ರಸ್ತೆಯಲ್ಲಿ ಯಾರೂ ಓಡಿಸುವುದಿಲ್ಲ. ಒಂದೇ ಹೆಸರಿನ ಇಬ್ಬರಿದ್ದರೆ ಇಂಟರ್ನೆಟ್ ಅವರನ್ನು ಒಬ್ಬರನ್ನಾಗಿ ಮಾಡಿಬಿಡುತ್ತದೆ.

ಅದಕ್ಕಿಂತ ದೊಡ್ಡ ಸುಳ್ಳು 'ಗೇರ್ ಇಲ್ಲದ' ಅನ್ನುವ ಎರಡು ಪದ. ದಾಖಲೆಯ ವರ್ಷದ ಬಹುಪಾಲು ಗಾಡ್ವಿನ್ ಓಡಿಸಿದ್ದು ರ‍್ಯಾಲಿ ಕಂಪನಿಯ 'ರೆಕಾರ್ಡ್ ಏಸ್' ಎಂಬ ಸೈಕಲ್. ಅದರ ಹಿಂದಿನ ಚಕ್ರದ ಹಬ್ಬಿನೊಳಗೆ ಸ್ಟರ್ಮಿ-ಆರ್ಚರ್ ಕಂಪನಿಯ ನಾಲ್ಕು ಗೇರ್‌ಗಳಿದ್ದವು. ಹೊರಗಿನಿಂದ ಕಾಣುವುದಿಲ್ಲ, ಅಷ್ಟೇ. ಹಲ್ಲುಚಕ್ರಗಳೆಲ್ಲ ಹಬ್ಬಿನ ಡಬ್ಬಿಯೊಳಗೆ ಕೂತಿರುತ್ತವೆ. ಫೋಟೊ ನೋಡಿದವರಿಗೆ ಹಿಂದೆ ಒಂದೇ ಪಲ್ಲೆ ಕಾಣುತ್ತದೆ, 'ಗೇರಿಲ್ಲ' ಅಂದುಕೊಳ್ಳುತ್ತಾರೆ.

ಗೇರ್ ಯಾಕೆ ಬೇಕು?

ಗೇರ್ ಶಕ್ತಿ ಕೊಡುವುದಿಲ್ಲ. ಇದನ್ನು ಮೊದಲು ಹೇಳಿಬಿಡಬೇಕು, ಯಾಕೆಂದರೆ ಗೇರ್ ಸೈಕಲ್ ಅಂದರೆ ಅದೇ ಎಳೆದುಕೊಂಡು ಹೋಗುತ್ತದೆ ಎಂದು ನಂಬಿದವರು ಬಹಳ ಜನ ಇದ್ದಾರೆ. ಬೆಟ್ಟ ಹತ್ತಲು ಬೇಕಾದ ಕೆಲಸ ಗೇರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಬದಲಾಗುವುದು ಆ ಕೆಲಸವನ್ನು ಎಷ್ಟು ತುಂಡು ಮಾಡಿ ಮಾಡುತ್ತೀರಿ ಅನ್ನುವುದು. ಒಂದು ಮೂಟೆ ಅಕ್ಕಿಯನ್ನು ಒಂದೇ ಸಲ ಹೊತ್ತು ಮಹಡಿಗೆ ಸಾಗಿಸಬಹುದು, ಐದೈದು ಕಿಲೋ ಮಾಡಿ ಸಾಗಿಸಬಹುದು. ಮಹಡಿ ತಲುಪುವ ಅಕ್ಕಿ ಅಷ್ಟೇ. ಬೆನ್ನಿಗೆ ಆಗುವುದು ಬೇರೆ.

ಚಿಕ್ಕಪ್ಪನ ಲೆಕ್ಕವನ್ನೇ ಹಾಕೋಣ. ಅವರ ತೂಕ 73 ಕಿಲೋ, ಸೈಕಲ್ ಸುಮಾರು 22 ಕಿಲೋ, ಒಟ್ಟು 95. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿ ಬೆಟ್ಟದ ತುದಿ ಸುಮಾರು 1,060 ಮೀಟರ್. ಅಂದರೆ 300 ಮೀಟರಿನ ಹತ್ತಿರ ಹತ್ತಬೇಕು. ಅದಕ್ಕೆ ದೇಹ ಖರ್ಚು ಮಾಡುವ ಶಕ್ತಿ ಸುಮಾರು 300 ಕ್ಯಾಲೊರಿ. ಒಂದು ಮಸಾಲೆ ದೋಸೆ ಸಾಕು. ಹಾಗಾಗಿ ಶಕ್ತಿ ಸಮಸ್ಯೆಯೇ ಅಲ್ಲ. ಸಮಸ್ಯೆ ಇರುವುದು ಪೆಡಲಿನ ಮೇಲೆ.

ರಸ್ತೆ 100 ಮೀಟರಿಗೆ 5 ಮೀಟರ್ ಏರುತ್ತದೆ ಎಂದು ಇಟ್ಟುಕೊಳ್ಳಿ. ಹಳೆಯ 28 ಇಂಚಿನ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಆ ಏರಿನಲ್ಲಿ ಹಾಗೆ ಹೋಗಬೇಕಾದರೆ ಪೆಡಲಿನ ಮೇಲೆ ಸರಾಸರಿ 28 ಕಿಲೋ ಭಾರದಷ್ಟು ಒತ್ತಡ ಬೀಳುತ್ತಲೇ ಇರಬೇಕು. ಸರಾಸರಿ ಅಂದೆ. ಪೆಡಲ್ ಮೇಲೆ ಕೆಳಗೆ ಇರುವಾಗ ಒತ್ತಡ ಇರುವುದಿಲ್ಲ, ಕ್ರ್ಯಾಂಕ್ ಅಡ್ಡಡ್ಡ ಬಂದಾಗ ಒಂದೇ ಕಾಲು 40 ಕಿಲೋ ದಾಟಿ ತುಳಿಯಬೇಕು. ಈಗಿನ ಬೆಟ್ಟದ ಗೇರಿನಲ್ಲಿ ಒಂದು ಸುತ್ತಿಗೆ 2.2 ಮೀಟರ್ ಹೋದರೆ ಸಾಕು, ಒತ್ತಡ ಸರಾಸರಿ 11 ಕಿಲೋಗೆ ಇಳಿಯುತ್ತದೆ. ಬದಲಿಗೆ ಕಾಲು ಹೆಚ್ಚು ಸಲ ತಿರುಗುತ್ತದೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹಳೆಯ ಸೈಕಲ್‌ನಲ್ಲಿ ನಿಮಿಷಕ್ಕೆ 25 ಸುತ್ತು, ಗೇರಿನಲ್ಲಿ 60 ಸುತ್ತು. ಹೃದಯಕ್ಕೆ, ಶ್ವಾಸಕೋಶಕ್ಕೆ ಎರಡೂ ಹೆಚ್ಚುಕಮ್ಮಿ ಒಂದೇ. ಮಂಡಿಗೆ ಒಂದೇ ಅಲ್ಲ. ಬಾಗಿದ ಮಂಡಿಯ ಮೇಲೆ ಭಾರ ಬಿದ್ದಾಗ ಮಂಡಿಚಿಪ್ಪು ಹಿಂದಿನ ಮೂಳೆಗೆ ಒತ್ತಿಕೊಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ತುಳಿಯುವ ಸೈಕಲ್ ಮಂಡಿಗೆ ಒಳ್ಳೆಯ ವ್ಯಾಯಾಮ. ಅದೇ ಸೈಕಲ್ ಏರಿನಲ್ಲಿ ನಿಧಾನಕ್ಕೆ, ಎದ್ದು ನಿಂತು, ಮೈಭಾರವೆಲ್ಲ ಹಾಕಿ ತುಳಿದರೆ ತದ್ವಿರುದ್ಧ.

ಗೇರ್ ಎಂದರೆ ಅಶಕ್ತರಿಗೆ ಎಂಬ ಮಾತು ವಾಟ್ಸಾಪ್ ಕಾಲದ್ದಲ್ಲ. 1902ರಲ್ಲಿ ಫ್ರಾನ್ಸಿನ ಒಂದು ಪ್ರವಾಸಿ ಸಂಘ ಬೆಟ್ಟದ ದಾರಿಯಲ್ಲಿ ಸೈಕಲ್ ಪರೀಕ್ಷೆ ಏರ್ಪಡಿಸಿತ್ತು. ಎದುವಾರ್ ಫಿಶರ್ ಎಂಬ ಹೆಸರಾಂತ ಓಟಗಾರ ಗೇರಿಲ್ಲದ ಸೈಕಲ್ ತಂದಿದ್ದ. ಮಾರ್ತ್ ಎಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ ತಂದಿದ್ದಳು. ಆಕೆ ಎಲ್ಲೂ ಇಳಿಯದೆ ಅವನನ್ನು ಹಿಂದಿಕ್ಕಿದಳು. ಇದನ್ನು ನೋಡಿದ ಆಂರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕ, ಪರೀಕ್ಷೆ ಚೆನ್ನಾಗಿತ್ತು, ಆದರೂ ಗೇರ್ ಏನಿದ್ದರೂ 45 ದಾಟಿದವರಿಗೆ ಎಂಬ ಅರ್ಥದಲ್ಲಿ ಬರೆದ. ಮರುವರ್ಷ ಟೂರ್ ಡಿ ಫ್ರಾನ್ಸ್ ಶುರು ಮಾಡಿದ್ದು ಇದೇ ದೆಗ್ರಾಂಜ್. ಚೈನನ್ನು ಒಂದು ಪಲ್ಲೆಯಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ ಆ ಓಟದಲ್ಲಿ 1937ರವರೆಗೂ ಅನುಮತಿ ಸಿಗಲಿಲ್ಲ. ಅಲ್ಲಿಯವರೆಗೆ ಓಟಗಾರರು ಏನು ಮಾಡುತ್ತಿದ್ದರು ಗೊತ್ತೇ? ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಗಾತ್ರದ ಪಲ್ಲೆ ಹಾಕಿಸಿ, ಬೆಟ್ಟ ಬಂದಾಗ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೇರ್ ಬೇಡ ಅಂತಲ್ಲ, ಬಿಡಲಿಲ್ಲ ಅಷ್ಟೇ. ಅಂದ ಹಾಗೆ, ದೆಗ್ರಾಂಜನ ಲೆಕ್ಕದಲ್ಲೂ ನಮ್ಮ ಚಿಕ್ಕಪ್ಪನಿಗೆ ಗೇರ್ ಅರ್ಹತೆ ಬಂದು 16 ವರ್ಷವಾಗಿದೆ.

ಹಳೆಯ ರೇಸ್ ಸೈಕಲ್ ಭಾರವಿತ್ತೇ?

'ಹಳೆಯ ಸೈಕಲ್' ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು ಹೊರುವ ಕಪ್ಪು ಸೈಕಲ್. ನೆಟ್ಟಗಿನ ಹ್ಯಾಂಡಲ್, ಸ್ಪ್ರಿಂಗ್ ಸೀಟು, ಭಾರದ ಕ್ಯಾರಿಯರ್. ಅದು ಹೊರೆ ಹೊರಲೆಂದೇ ಮಾಡಿದ್ದು. ಅದೇ ಕಾಲದ ರೇಸ್ ಸೈಕಲ್ ಬೇರೆಯೇ ಜಾತಿ. 1935ರಲ್ಲಿ ಬ್ರಿಟನ್ನಿನ ರೆನಾಲ್ಡ್ಸ್ ಕಂಪನಿ '531' ಎಂಬ ಉಕ್ಕಿನ ಕೊಳವೆ ತಂದಿತು. ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿದ ಉಕ್ಕು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು. ಇಂಥ ಕೊಳವೆಯ ರೇಸ್ ಸೈಕಲ್‌ಗಳು ಹತ್ತು ಹನ್ನೆರಡು ಕಿಲೋಗೆ ಬರುತ್ತಿದ್ದವು.

ಇನ್ನೂ ಮುಂದಕ್ಕೆ ಬನ್ನಿ. 1972ರ ಅಕ್ಟೋಬರ್ 25ರಂದು ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ಓಡಿಸಿ ದಾಖಲೆ ಮಾಡಿದ. ಅವನ ಸೈಕಲ್ಲಿನ ತೂಕ 6 ಕಿಲೋಗಿಂತ ಕಡಿಮೆ, ಅದೂ ಉಕ್ಕಿನದ್ದು. ಇಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರವಿರಕೂಡದು. ಅಂದರೆ ಐವತ್ತು ವರ್ಷ ಹಿಂದಿನ ಆ ಸೈಕಲ್ಲನ್ನು ಇಂದಿನ ಓಟಕ್ಕೆ ತಂದರೆ ತೂಕ ಸಾಲದು ಎಂದು ಹೊರಗೆ ಹಾಕುತ್ತಾರೆ.

ಹಾಗಂತ ಭಾರದ ಸೈಕಲ್‌ನಲ್ಲಿ ಸಾಧನೆ ಮಾಡಿದವರು ಇಲ್ಲವೇ? ಇದ್ದಾರೆ. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ತ್ ಎಂಬ ಕಡಲ ತೀರದ ಊರಿಗೆ ಹೋಗಿ ವಾಪಸ್ ಬರುವ ಸುಮಾರು 1,200 ಕಿ.ಮೀ. ಓಟ ನಡೆಯಿತು. ಮೈಸೂರು–ಬೆಂಗಳೂರು ನಾಲ್ಕು ಸಲ ಹೋಗಿ ಬಂದಷ್ಟು ದೂರ. ಇನ್ನೂರಕ್ಕೂ ಹೆಚ್ಚು ಜನ ಹೊರಟರು. ಗೆದ್ದ ಶಾರ್ಲ್ ತೆರೋಂ 71 ಗಂಟೆ 22 ನಿಮಿಷದಲ್ಲಿ ಮುಗಿಸಿದ. ಅವನ ಸೈಕಲ್ 20 ಕಿಲೋ ಆಸುಪಾಸಿನದ್ದು, ನಮ್ಮ ಹಾಲಿನವರ ಸೈಕಲ್ಲಿನಷ್ಟೇ. ಆದರೆ ಅವನಿಗೆ ಎರಡು ಅನುಕೂಲ ಇದ್ದವು. ಒಂದು, ಸುಲಭವಾಗಿ ಬಿಚ್ಚಿ ಹಾಕಬಹುದಾದ ಮಿಶೆಲಿನ್ ಗಾಳಿ ಟೈರು. ಡನ್‌ಲಪ್ ಗಾಳಿ ಟೈರು ಬಂದೇ ಆಗ ಮೂರು ವರ್ಷವಾಗಿತ್ತು, ಅದಕ್ಕೂ ಮುಂಚೆ ಗಟ್ಟಿ ರಬ್ಬರ್. ಎರಡು, ಮುಂದೆ ಮುಂದೆ ಸೈಕಲ್ ಓಡಿಸಿ ಗಾಳಿ ತಡೆಯುವ ಸಹಾಯಕರು. ಎದುರಾಳಿಗೂ ಟೈರು, ಸಹಾಯಕರು ಇದ್ದರು ಅನ್ನಿ. ಅವನು ಮೂರನೇ ರಾತ್ರಿ ಮಲಗಿದ, ತೆರೋಂ ಮಲಗಲಿಲ್ಲ.

ಆ ಓಟ ಈಗಲೂ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸ್ಪರ್ಧೆಯಾಗಿ ಅಲ್ಲ, 90 ಗಂಟೆಯ ಗಡುವಿನೊಳಗೆ ಮುಗಿಸುವ ಸವಾಲಾಗಿ. ಕರ್ನಾಟಕದಿಂದಲೂ ಹೋಗಿ ಬರುವವರಿದ್ದಾರೆ. ಅದಕ್ಕೆ ಅರ್ಹತೆ ಪಡೆಯಲು ಇಲ್ಲೇ 200, 300, 400, 600 ಕಿ.ಮೀ. ಸವಾರಿಗಳನ್ನು ಗಡುವಿನೊಳಗೆ ಮುಗಿಸಬೇಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ.

ಹಾಗಾದರೆ ಕಾಲಿನ ಬಲ ಹೋಯಿತೇ?

ಫಾರ್ವರ್ಡ್ ಹೇಳುವ ಮುಖ್ಯ ಮಾತು ಇದೇ: ಆಗಿನವರು ಬಲಶಾಲಿಗಳು, ಈಗಿನವರು ಅಲ್ಲ. ಇದನ್ನು ಪರೀಕ್ಷೆ ಮಾಡುವುದು ಕಷ್ಟ, ಯಾಕೆಂದರೆ ಸತ್ತವರನ್ನು ಕರೆತಂದು ಓಡಿಸಲಾಗದು. ಆದರೆ ಸೈಕಲ್ ಲೋಕದಲ್ಲಿ ಒಂದು ಚೆಂದದ ಪ್ರಯೋಗ ತಾನಾಗಿಯೇ ನಡೆದುಹೋಗಿದೆ.

ಒಂದು ಗಂಟೆಯ ದಾಖಲೆಯನ್ನೇ ನೋಡಿ. ಮೊದಲ ಹೆಸರಾಂತ ದಾಖಲೆ 1893ರಲ್ಲಿ 35.325 ಕಿ.ಮೀ. ಮಾಡಿದವನು, ಆಶ್ಚರ್ಯ, ಮೇಲೆ ಹೇಳಿದ ದೆಗ್ರಾಂಜನೇ. ಮರ್ಕ್ಸ್ 1972ರಲ್ಲಿ 49.431. ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ 56.375. ನೋಡಿದರೆ ಮನುಷ್ಯ ದಿನದಿನಕ್ಕೆ ಬಲಶಾಲಿಯಾಗುತ್ತಿದ್ದಾನೆ ಅನ್ನಿಸಬೇಕು. ಆದರೆ ಬೋರ್ಡ್‌ಮನ್ ಆ ದಿನ ಎರಡೂ ತೋಳನ್ನು ಮುಂದಕ್ಕೆ ಚಾಚಿ, ಹಾರುವ ಸೂಪರ್‌ಮ್ಯಾನ್ ಹಾಗೆ ಮಲಗಿ, ಗಾಳಿ ಸೀಳುವ ವಿಶೇಷ ಸೈಕಲ್‌ನಲ್ಲಿ ಓಡಿಸಿದ್ದ. ಇದು ಸೈಕಲ್ಲಿನ ದಾಖಲೆಯೋ ಮನುಷ್ಯನದ್ದೋ ಎಂಬ ತಕರಾರು ಎದ್ದಿತು. ಒಕ್ಕೂಟ, ಮರ್ಕ್ಸ್ ಬಳಸಿದಂಥ ಸಾಧಾರಣ ಸೈಕಲ್ಲಿನ ದಾಖಲೆಯನ್ನೇ ಲೆಕ್ಕಕ್ಕೆ ಹಿಡಿಯುವುದಾಗಿ ಹೇಳಿತು. 2000ದ ಅಕ್ಟೋಬರ್‌ನಲ್ಲಿ ಅದೇ ಬೋರ್ಡ್‌ಮನ್ ಬಗ್ಗಿದ ಹ್ಯಾಂಡಲ್ಲಿನ ಹಳೆಯ ಮಾದರಿ ಸೈಕಲ್ ಹತ್ತಿದ. ಎಷ್ಟು ದೂರ ಹೋದ? 49.441 ಕಿ.ಮೀ. ಮರ್ಕ್ಸ್‌ಗಿಂತ 10 ಮೀಟರ್ ಹೆಚ್ಚು.

ಅದೇ ಮನುಷ್ಯ, ನಾಲ್ಕು ವರ್ಷದ ಅಂತರ, ಸುಮಾರು 7 ಕಿ.ಮೀ. ವ್ಯತ್ಯಾಸ. ಅಂಥ ವೇಗದಲ್ಲಿ ತುಳಿಯುವ ಬಲದ ಬಹುಪಾಲು ಹೋಗುವುದು ಗಾಳಿಯನ್ನು ತಳ್ಳುವುದಕ್ಕೆ. ಸೈಕಲ್ಲಿನ ತೂಕಕ್ಕಿಂತ ನೀವು ಕೂರುವ ಭಂಗಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಇನ್ನೂ ಒಂದು ಸಂಗತಿ: ಮರ್ಕ್ಸ್ ಓಡಿಸಿದ ಮೆಕ್ಸಿಕೊ ನಗರ ನಮ್ಮ ಊಟಿಯಷ್ಟೇ ಎತ್ತರದಲ್ಲಿದೆ, ಗಾಳಿ ತೆಳು. ಬೋರ್ಡ್‌ಮನ್ ಓಡಿಸಿದ ಮ್ಯಾಂಚೆಸ್ಟರ್ ತಗ್ಗಿನ ಊರು. ಇಬ್ಬರಲ್ಲಿ ಯಾರು ಬಲಶಾಲಿ ಎಂದು ಈ ಎರಡು ಅಂಕಿ ಇಟ್ಟುಕೊಂಡು ಹೇಳಲು ಬರುವುದಿಲ್ಲ. ಕಾಲಿನ ಬಲ ಹೋಯಿತು ಅಂತಂತೂ ಹೇಳಲು ಬರುವುದೇ ಇಲ್ಲ.

ಗಾಡ್ವಿನ್ ದಾಖಲೆಯೂ ಈಗ ಉಳಿದಿಲ್ಲ. ಫಾರ್ವರ್ಡ್‌ನಲ್ಲಿ ಇದನ್ನು ಹೇಳಿರಲಿಲ್ಲ. 2016ರ ಜನವರಿಯಲ್ಲಿ ಅಮೆರಿಕದ ಕರ್ಟ್ ಸರ್ವೋಗೆಲ್ 76,076 ಮೈಲಿಯೊಂದಿಗೆ ಅದನ್ನು ಮುರಿದ, ಆಗ ಅವನಿಗೆ ವಯಸ್ಸು ಐವತ್ತು ದಾಟಿತ್ತು. ಮರುವರ್ಷ ಅಮಂಡಾ ಕೋಕರ್ ಎಂಬ ಯುವತಿ 86,573 ಮೈಲಿ ಮಾಡಿದಳು. ಆಕೆ ಬಹುಪಾಲು ಓಡಿಸಿದ್ದು ಫ್ಲಾರಿಡಾದ ಒಂದು ಉದ್ಯಾನದ ಸಮತಟ್ಟು ಸುತ್ತುದಾರಿಯಲ್ಲಿ. ಗಾಡ್ವಿನ್‌ಗೆ ಚಳಿ, ಮಂಜು, ಯುದ್ಧ. ನನ್ನ ಮಟ್ಟಿಗೆ 1939ರ ಆ ವರ್ಷವೇ ದೊಡ್ಡದು, ಆದರೆ ಅದು ನನ್ನ ಅಭಿಪ್ರಾಯ.

ಒಬ್ಬರ ದಾಖಲೆಯನ್ನು ಇನ್ನೊಬ್ಬರ ಜೊತೆ ತೂಗುವಾಗ ದೂರದ ಅಂಕಿಯೊಂದೇ ಸಾಲದು ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1923ರ ಅಕ್ಟೋಬರ್ 15ರಂದು ಮುಂಬೈನಿಂದ ಆರು ಪಾರ್ಸಿ ಯುವಕರು ಸೈಕಲ್‌ನಲ್ಲಿ ಲೋಕ ಸುತ್ತಲು ಹೊರಟರು. ಎಲ್ಲರೂ ಒಂದು ವ್ಯಾಯಾಮ ಸಂಘದ ಗೆಳೆಯರು. ನಡುವೆ ಮೂವರು ಬಿಟ್ಟರು. ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು 1928ರ ಮಾರ್ಚ್ 18ರಂದು ಮುಂಬೈಗೆ ವಾಪಸ್ ಬಂದರು. ಸೈಕಲ್ ಮೇಲೆ ಕಳೆದ ದೂರ ಸುಮಾರು 71,000 ಕಿ.ಮೀ. ದಿನಕ್ಕೆ ಭಾಗಿಸಿದರೆ 44 ಕಿ.ಮೀ. ಅಷ್ಟೇ. ಗಾಡ್ವಿನ್ನನ 331ರ ಪಕ್ಕದಲ್ಲಿ ಇಟ್ಟರೆ ನಗು ಬರಬಹುದು. ಆದರೆ ಗಾಡ್ವಿನ್‌ಗೆ ಪರ್ಷಿಯಾದ ಮರುಭೂಮಿ ಇರಲಿಲ್ಲ, ನೀರಿಲ್ಲದ ದಾರಿ ಇರಲಿಲ್ಲ, ಗಡಿ ಗಡಿಯಲ್ಲಿ ಕಾಗದಪತ್ರ ತೋರಿಸುವ ಕೆಲಸ ಇರಲಿಲ್ಲ. ಮೂವರೂ ಸೇರಿ ಬರೆದ ಪುಸ್ತಕ 1931ರಲ್ಲಿ ಬಂತು. ಇವರ ಹೆಸರಿನ ಫಾರ್ವರ್ಡ್ ನನಗೆ ಇಲ್ಲಿಯವರೆಗೂ ಬಂದಿಲ್ಲ.

ಅಟ್ಟದ ಸೈಕಲ್ ಇಳಿಸುವ ಮುಂಚೆ

ಹತ್ತುವುದಕ್ಕಿಂತ ಇಳಿಯುವುದು ಅಪಾಯ, ಇದು ಹಳೆಯ ಸೈಕಲ್ ವಿಷಯದಲ್ಲಿ ಎರಡು ಪಟ್ಟು ನಿಜ. ತಾತನ ಕಾಲದ ಸೈಕಲ್‌ಗಳಲ್ಲಿ ಇರುವುದು ಕಂಬಿ ಬ್ರೇಕ್. ಹ್ಯಾಂಡಲ್ ಕೆಳಗಿನ ಹಿಡಿ ಎಳೆದರೆ ಕಂಬಿ ಮೇಲೆದ್ದು ರಬ್ಬರನ್ನು ರಿಮ್ಮಿಗೆ ಒತ್ತುತ್ತದೆ. ಊರೊಳಗೆ ಮಾರ್ಕೆಟ್ಟಿಗೆ ಹೋಗಿ ಬರಲು ಸಾಕು. ಆದರೆ 95 ಕಿಲೋ ಭಾರ 300 ಮೀಟರ್ ಇಳಿಯುವಾಗ, ಹತ್ತಲು ಹಾಕಿದ ಕೆಲಸದ ದೊಡ್ಡ ಪಾಲನ್ನು ಆ ನಾಲ್ಕು ರಬ್ಬರ್ ತುಂಡುಗಳೇ ಬಿಸಿಯಾಗಿ ನುಂಗಬೇಕು. ಇಪ್ಪತ್ತು ವರ್ಷ ಕೋಣೆಯಲ್ಲಿದ್ದ ರಬ್ಬರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಹೊಳಪಿನ ಉಕ್ಕಿನ ರಿಮ್ ಮೇಲೆ ಅದು ಜಾರುತ್ತದೆ, ಒದ್ದೆಯಾಗಿದ್ದರೆ ಹೇಳುವುದೇ ಬೇಡ. ನಮ್ಮ ಚಿಕ್ಕಪ್ಪನಿಗೆ ಆದದ್ದು ಇದೇ.

ಹಾಗಾಗಿ ಹಳೆಯ ಸೈಕಲ್ ಓಡಿಸುವ ಆಸೆ ಇದ್ದರೆ ಮೊದಲು ಬ್ರೇಕ್ ರಬ್ಬರ್ ಬದಲಿಸಿ, ಟೈರು ಟ್ಯೂಬು ಹೊಸದು ಹಾಕಿಸಿ, ಮುಂದಿನ ಫೋರ್ಕಿನ ಬುಡದಲ್ಲಿ ತುಕ್ಕು ಹಿಡಿದಿದೆಯೇ ನೋಡಿಸಿ. ಸಮತಟ್ಟು ರಸ್ತೆಯಲ್ಲಿ ಕೆಲವು ವಾರ ಓಡಿಸಿ. ಏರು ಬಂದರೆ ಇಳಿದು ತಳ್ಳುವುದರಲ್ಲಿ ಅವಮಾನ ಇಲ್ಲ. ತಾತಂದಿರು ಊಟಿಗೆ ಸೈಕಲ್‌ನಲ್ಲಿ ಹೋದರು ಅಂದರೆ ಮಸಿನಗುಡಿ ದಾಟಿದ ಮೇಲೆ ಕಲ್ಹಟ್ಟಿ ಘಾಟಿನ 36 ತಿರುವುಗಳನ್ನು ಬಹುಶಃ ತಳ್ಳಿಕೊಂಡೇ ಹೋಗಿರುತ್ತಾರೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಸವಾರರು ಇಂದು ಗೇರ್ ಹಾಕಿಕೊಂಡು ಅದೇ ಘಾಟನ್ನು ಹತ್ತುತ್ತಾರೆ, ಅವರಲ್ಲೂ ಕೆಲವರು ಇಳಿದು ತಳ್ಳುತ್ತಾರೆ. ಐವತ್ತು ದಾಟಿದವರು ಅಭ್ಯಾಸವಿಲ್ಲದೆ ಏಕಾಏಕಿ ಬೆಟ್ಟಕ್ಕೆ ಹೊರಡುವುದಾದರೆ ಮೊದಲು ವೈದ್ಯರನ್ನು ಕಂಡು ಬನ್ನಿ. ತುಳಿಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಸಹಾಯ ಕೇಳಿ, ತುದಿ ಮುಟ್ಟುವ ಹಟ ಬೇಡ.

ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಇದೆ: ನಿಮ್ಮ ಮನೆಯ ಹಳೆಯ ರ‍್ಯಾಲಿ, ಹರ್ಕ್ಯುಲಿಸ್‌ಗೆ ಲಕ್ಷಾಂತರ ರೂಪಾಯಿ ಬೆಲೆ, ಫೋಟೊ ಕಳಿಸಿ. ಹಳೆಯ ನಾಣ್ಯದ ಹೆಸರಿನಲ್ಲಿ ನಡೆಯುವ ಮೋಸದಂತೆಯೇ ಇಲ್ಲೂ 'ನೋಂದಣಿ ಶುಲ್ಕ', 'ಸಾಗಾಟದ ಮುಂಗಡ' ಅಂತ ಮೊದಲು ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಗಾಡ್ವಿನ್ ಓಡಿಸಿದಂಥ ರೇಸ್ ಸೈಕಲ್‌ಗೆ ಸಂಗ್ರಾಹಕರು ಇದ್ದಾರೆ, ನಿಜ. ನಮ್ಮ ಮನೆಗಳಲ್ಲಿ ಇರುವುದು ಬಹುಪಾಲು ಹೊರೆ ಸೈಕಲ್. ರ‍್ಯಾಲಿ ಅಂದಮಾತ್ರಕ್ಕೆ ಇಂಗ್ಲೆಂಡಿನದ್ದೂ ಅಲ್ಲ. ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ಸೆನ್-ರ‍್ಯಾಲಿ ಕಾರ್ಖಾನೆಯೇ ಇತ್ತು. ಹರ್ಕ್ಯುಲಿಸ್ ಚೆನ್ನೈನ ಅಂಬತ್ತೂರಿನಲ್ಲಿ ತಯಾರಾಗುತ್ತಿತ್ತು.

ಸೈಕಲ್ಲಿನ ವಯಸ್ಸು ತಿಳಿಯಲು ಒಂದು ಸುಲಭ ದಾರಿ ಇದೆ, ಹಬ್ಬಿನ ಒಳಗೆ ಗೇರ್ ಇರುವ ಸೈಕಲ್ ಆದರೆ ಮಾತ್ರ. ಸ್ಟರ್ಮಿ-ಆರ್ಚರ್ ಕಂಪನಿ ಹಿಂದಿನ ಹಬ್ಬಿನ ಮೇಲೆ ತಯಾರಾದ ವರ್ಷ, ತಿಂಗಳನ್ನು ಒತ್ತಿ ಬರೆಯುತ್ತಿತ್ತು. ಇದನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು: "ಇದಕ್ಕೆಲ್ಲಿ ಗೇರು? ನಾನು ಹುಟ್ಟಿದಾಗಿಂದ ನೋಡ್ತಿದೀನಿ." ಆದರೂ ಕುಂಟುತ್ತಲೇ ಹೋಗಿ, ಸೀಮೆಎಣ್ಣೆ ಬಟ್ಟೆಯಲ್ಲಿ ಹಬ್ಬನ್ನು ಉಜ್ಜಿ ಫೋಟೊ ಕಳಿಸಿದರು. ಐವತ್ತೆಂಟು, ಮೂರು ಎಂಬ ಅಂಕಿ. ಜೊತೆಗೆ ಸ್ಟರ್ಮಿ-ಆರ್ಚರ್ ಹೆಸರು, ಮೂರು ಗೇರಿನ ಹಬ್ಬಿನ ಗುರುತು. ಅಚ್ಚಿನ ಬಲತುದಿಯಿಂದ ಹೊರಬರಬೇಕಿದ್ದ ಸಣ್ಣ ಸರಪಳಿಯೂ ಇಲ್ಲ, ಹ್ಯಾಂಡಲಿನಿಂದ ಬರಬೇಕಿದ್ದ ಕೇಬಲ್ಲೂ ಇಲ್ಲ. ಯಾವುದೋ ಕಾಲದಲ್ಲಿ ಕಿತ್ತುಹೋಗಿ, ಯಾರೂ ಹಾಕಿಸಿಲ್ಲ.

ಈ ಹಬ್ಬಿನ ಸ್ವಭಾವ ಏನೆಂದರೆ, ಕೇಬಲ್ ಇಲ್ಲದಿದ್ದರೆ ಅದು ತಾನಾಗಿ ಮೂರನೇ ಗೇರಿಗೆ, ಅಂದರೆ ಎಲ್ಲಕ್ಕಿಂತ ಭಾರದ ಗೇರಿಗೆ ಹೋಗಿ ಕೂರುತ್ತದೆ. ಪೆಡಲಿನ ಒಂದು ಸುತ್ತಿಗೆ 5.4 ಅಲ್ಲ, 7.2 ಮೀಟರ್. ಮೇಲೆ ಹಾಕಿದ ಲೆಕ್ಕದ 28 ಕಿಲೋ ಚಿಕ್ಕಪ್ಪನಿಗೆ 37 ಕಿಲೋ ಆಗಿತ್ತು. ಗೇರಿಲ್ಲದ ಸೈಕಲ್ ಎಂದುಕೊಂಡು ಅವರು ಚಾಮುಂಡಿ ಬೆಟ್ಟವನ್ನು ಟಾಪ್ ಗೇರಿನಲ್ಲಿ ಹತ್ತಲು ಹೋಗಿದ್ದರು.

ತಾತ ಊಟಿಗೆ ಹೋದದ್ದು ಗೇರ್ ಸೈಕಲ್‌ನಲ್ಲೇ ಎಂದು ಗುಂಪಿನಲ್ಲಿ ಬರೆದೆ. ಚಿಕ್ಕಪ್ಪ ನೋಡಿದ್ದಾರೆ ಅನ್ನುವುದಕ್ಕೆ ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಒಂದು ವಾರ ಬಿಟ್ಟು ಫೋನ್ ಬಂತು: "ಆ ಕೇಬಲ್ಲು ಈಗ ಎಲ್ಲಿ ಸಿಗತ್ತೆ ಅಂತ ಸ್ವಲ್ಪ ವಿಚಾರಿಸಪ್ಪ."